ಹಚ್ಚೆ ಹಾಕುವ ಕೈಗೆ ಜೋಮು ಹಿಡಿದಾಗ

ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಿರಲಿ, ಜತ್ತದ ಯಲ್ಲಮ್ಮನ ಜಾತ್ರೆಯಿರಲಿ, ಮಿರಜದ ಮೀರಾಸಾಹೇಬರ ಉರುಸಿರಲಿ, ಬಳೆ-ಬತ್ತಾಸುಗಳ ಅಂಗಡಿಸಾಲು ಮುಗಿಯುವಲ್ಲಿ ಒಬ್ಬ ಹಚ್ಚೆಯವನು ಕುಳಿತಿರುವುದು ಇಂದು ಸಾಮಾನ್ಯ ನೋಟ. ಅವನ ಮುಂದೆ ಚಿತ್ರಗಳ ಹಲಗೆ. ಅದರ ಮೇಲೆ ಚೇಳು, ನಾಗರ, ಗುಲಾಬಿ, ತ್ರಿಶೂಲ, ‘ಅವ್ವ’, ‘ಆಯಿ’ ಎಂಬ ಅಕ್ಷರಗಳು. ಕೈಯಲ್ಲಿ ಬ್ಯಾಟರಿಗೆ ಜೋಡಿಸಿದ ಪುಟ್ಟ ಯಂತ್ರ. ಸಾಂಗಲಿ-ಮಿರಜಗಳ ಪೇಟೆಯಲ್ಲಾದರೆ ಅದೇ ಕಸುಬು ಗಾಜಿನ ಬಾಗಿಲಿನ ಒಳಗೆ, ಒರಗುವ ಕುರ್ಚಿಯ ಪಕ್ಕದಲ್ಲಿ ನಡೆಯುತ್ತದೆ. ಹಚ್ಚೆ ಹಾಕಿಸಿಕೊಳ್ಳುವವನು ತನ್ನ ತೋಳನ್ನು ನೋಡುತ್ತಾನೆ. ಸುತ್ತ ನಿಂತ ಗೆಳೆಯರು ಮೂಡುತ್ತಿರುವ ಚಿತ್ರವನ್ನು ನೋಡುತ್ತಾರೆ. ಯಂತ್ರವನ್ನು ಹಿಡಿದ ಕೈಯನ್ನು ಯಾರೂ ನೋಡುವುದಿಲ್ಲ. ಈ ವಾರದ ಬರಹ ಆ ಕೈಯನ್ನು ಕುರಿತದ್ದು.

ನಮ್ಮ ಶಾಲೆಗಳ ಪಾಲಕರಿಗೆ ಇದನ್ನು ಹೇಳಲು ಕಾರಣವಿದೆ. ಚಿತ್ರಕಲೆಯಲ್ಲಿ ಕೈಯಾಡುವ ಹುಡುಗನಿಗೆ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ನಂತರ ಬೇಗನೆ ದುಡಿಮೆಗೆ ಇಳಿಯಲು ಸಿಗುವ ದಾರಿಗಳಲ್ಲಿ ಇದೂ ಒಂದಾಗಿದೆ. ಬಂಡವಾಳ ಕಡಿಮೆ, ಕಲಿಯಲು ಮರಾಠಿಯ ಪದವಿ ಬೇಕಿಲ್ಲ, ಕೈಗೆ ಅಂದಂದಿನ ಹಣ. ಕಸುಬು ಹೀನವೆಂದು ನಾನು ಹೇಳುತ್ತಿಲ್ಲ. ಆದರೆ ಯಾವುದೇ ಕಸುಬಿಗೆ ಮಗನನ್ನು ಕಳಿಸುವಾಗ ಅದು ದೇಹದ ಯಾವ ಅಂಗವನ್ನು ಕೇಳುತ್ತದೆ ಎಂಬುದನ್ನು ತಂದೆತಾಯಿ ತಿಳಿದಿರಬೇಕು. ಈ ಕಸುಬು ಕೇಳುವುದು ಕೈಯ ನರವನ್ನು.

ನಮ್ಮ ಅಜ್ಜಿಯರ ಕಾಲದಲ್ಲಿ ಹಚ್ಚೆ ಹಾಕಲು ಮನೆಬಾಗಿಲಿಗೆ ಬರುತ್ತಿದ್ದವಳು ಕೊರವಂಜಿ. ನಾಲ್ಕಾರು ಸೂಜಿಗಳನ್ನು ದಾರದಿಂದ ಒಟ್ಟುಗೂಡಿಸಿ, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಹಾಡು ಹೇಳುತ್ತ ಚುಚ್ಚುತ್ತಿದ್ದಳು. ಮೈಮೇಲಿನ ಒಡವೆಗಳನ್ನೆಲ್ಲ ಇಲ್ಲಿಯೇ ಬಿಟ್ಟುಹೋಗಬೇಕು, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ಹೆಣ್ಣುಮಕ್ಕಳಲ್ಲಿತ್ತು. ಮರಾಠಿಯವರು ಗೋಂದಣ ಎನ್ನುವುದೂ ಇದನ್ನೇ. ಆ ಕೆಲಸದಲ್ಲಿ ಕೈ ತನ್ನದೇ ಲಯದಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು, ದಣಿದಾಗ ನಿಲ್ಲುತ್ತಿತ್ತು.

ಯಂತ್ರ ಬಂದದ್ದು ಬೇರೆ ದಾರಿಯಿಂದ. ಒಂದೇ ಬರಹದ ಅನೇಕ ಪ್ರತಿಗಳನ್ನು ತೆಗೆಯಲು ಕಾಗದದಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುವ ವಿದ್ಯುತ್ ಲೇಖನಿಗೆ ಥಾಮಸ್ ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದನು. ನ್ಯೂಯಾರ್ಕಿನ ಹಚ್ಚೆಗಾರ ಸ್ಯಾಮ್ಯುಯೆಲ್ ಓರೈಲಿ ಅದೇ ತತ್ತ್ವವನ್ನು ಚರ್ಮಕ್ಕೆ ಅಳವಡಿಸಿ 1891ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದನು. ಇಂದು ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಬಗೆ: ವಿದ್ಯುತ್ಕಾಂತದ ಸುರುಳಿಯಿಂದ ನಡೆಯುವ ಕಾಯಿಲ್ ಯಂತ್ರ ಮತ್ತು ಪುಟ್ಟ ಮೋಟಾರಿನಿಂದ ನಡೆಯುವ ರೋಟರಿ ಯಂತ್ರ. ಮೊದಲನೆಯದು ಸಾಮಾನ್ಯವಾಗಿ ಹೆಚ್ಚು ಭಾರ, ಸದ್ದೂ ನಡುಕವೂ ಹೆಚ್ಚು; ಎರಡನೆಯದು ಹಗುರ, ನಡುಕ ಕಡಿಮೆ. ಯಾವುದೇ ಇರಲಿ, ಸೂಜಿ ಸೆಕೆಂಡಿಗೆ ಹತ್ತಾರು ಬಾರಿ, ಕೆಲವೊಮ್ಮೆ ನೂರಕ್ಕೂ ಮೀರಿ ಏರಿಳಿಯುತ್ತದೆ. ಸೆಕೆಂಡಿಗೆ 80 ಎಂದು ಹಿಡಿದರೆ ಗಂಟೆಗೆ 2,88,000 ಏರಿಳಿತಗಳಾದವು. ಪ್ರತಿಯೊಂದರ ಸಣ್ಣ ಪೆಟ್ಟೂ ಯಂತ್ರವನ್ನು ಹಿಡಿದ ಮೂರು ಬೆರಳುಗಳಿಗೆ ತಲುಪುತ್ತದೆ.

ಇದರಿಂದ ಕೈಗೆ ಆಗುವುದೇನು? ಮಣಿಕಟ್ಟಿನ ಒಳಭಾಗದಲ್ಲಿ ಸಣ್ಣ ಎಲುಬುಗಳೂ ಒಂದು ಗಟ್ಟಿಯಾದ ಪಟ್ಟಿಯೂ ಸೇರಿ ರಚಿಸಿದ ಇಕ್ಕಟ್ಟಾದ ಸುರಂಗವಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗಿಂದ ಹಾದುಹೋಗುತ್ತವೆ. ಮೀಡಿಯನ್ ನರ ಎಂದು ವೈದ್ಯರು ಕರೆಯುವ ಆ ನರವೇ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಹೆಬ್ಬೆರಳಿನ ಬುಡದ ಮಾಂಸಖಂಡವನ್ನು ಆಡಿಸುತ್ತದೆ. ಬಿಗಿಹಿಡಿತ, ಬಾಗಿದ ಮಣಿಕಟ್ಟು, ನಿರಂತರ ನಡುಕಗಳಿಂದ ರಜ್ಜುಗಳ ಹೊದಿಕೆ ಬಾತುಕೊಂಡಾಗ ಸುರಂಗದ ಗೋಡೆ ಹಿಗ್ಗುವುದಿಲ್ಲ. ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಇದಲ್ಲದೆ ನಡುಕವು ಬೆರಳ ತುದಿಯ ಸೂಕ್ಷ್ಮ ನರಗಳನ್ನೂ ಕಿರಿಯ ರಕ್ತನಾಳಗಳನ್ನೂ ನೇರವಾಗಿ ಕೆಡಿಸಬಲ್ಲದು. ವೇಗದ ನಡುಕ ತೋಳಿನವರೆಗೆ ಹರಡದೆ ಬಹುಪಾಲು ಬೆರಳು-ಅಂಗೈಗಳಲ್ಲಿಯೇ ಇಂಗಿಹೋಗುತ್ತದೆ. ಹಿಡಿತ ಬಿಗಿಯಾದಷ್ಟೂ ಒಳಸೇರುವ ನಡುಕ ಹೆಚ್ಚು.

ಲಕ್ಷಣಗಳು ಒಂದು ಕ್ರಮದಲ್ಲಿ ಬರುತ್ತವೆ. ಮೊದಲು ಕೆಲಸ ಮುಗಿದ ಮೇಲೆ ಬೆರಳುಗಳಿಗೆ ಜೋಮು. ಅರ್ಧ ಗಂಟೆಯಲ್ಲಿ ಅದು ಹೋಗುತ್ತದೆ. ಆಮೇಲೆ ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ. ಕೈ ಕೊಡವಿದರೆ ಸಮಾಧಾನ. ಮುಂದೆ ಅಂಗಿಯ ಗುಂಡಿ ಹಾಕುವುದು, ಚಿಲ್ಲರೆ ನಾಣ್ಯ ಎಣಿಸುವುದು ಕಷ್ಟವಾಗುತ್ತದೆ; ಚಹದ ಬಟ್ಟಲು ಕೈಯಿಂದ ಜಾರುತ್ತದೆ. ಕೊನೆಗೆ ಹೆಬ್ಬೆರಳಿನ ಬುಡದ ಮಾಂಸ ಬತ್ತಿ ಅಲ್ಲಿ ತಗ್ಗು ಬೀಳುತ್ತದೆ. ಮೊದಲೆರಡು ಹಂತಗಳಲ್ಲಿ ವಿಶ್ರಾಂತಿ, ರಾತ್ರಿ ಕಟ್ಟಿಕೊಳ್ಳುವ ಮಣಿಕಟ್ಟಿನ ಪಟ್ಟಿ, ಔಷಧ, ಕೆಲಸದ ರೀತಿಯ ಬದಲಾವಣೆಗಳಿಂದ ನರ ಚೇತರಿಸಿಕೊಳ್ಳಬಹುದು. ಮುಂದುವರಿದಾಗ ಆ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮಾಂಸ ಬತ್ತಿದ ಮೇಲೆ ಶಸ್ತ್ರಚಿಕಿತ್ಸೆಯಾದರೂ ಹೋದ ಬಲ ಪೂರ್ತಿಯಾಗಿ ಮರಳುವ ಭರವಸೆಯಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಹಚ್ಚೆಯವನ ತೊಂದರೆಗೆಲ್ಲ ನಡುಕವೊಂದೇ ಕಾರಣವಲ್ಲ. ಕುಪವಾಡದ ಎಂ.ಐ.ಡಿ.ಸಿ.ಯಲ್ಲಿ ಎರಕದ ವಸ್ತುಗಳ ಅಂಚನ್ನು ಗ್ರೈಂಡರಿನಿಂದ ಉಜ್ಜುವವನ ಕೈಗೆ, ರಸ್ತೆಯನ್ನು ಬ್ರೇಕರಿನಿಂದ ಒಡೆಯುವವನ ಕೈಗೆ ಬರುವ ನಡುಕ ಇದಕ್ಕಿಂತ ಬಹಳ ಜೋರು. ಹಚ್ಚೆಯವನ ಯಂತ್ರ ಚಿಕ್ಕದು. ಆದರೆ ಅವನು ಅದನ್ನು ಬೆರಳ ತುದಿಯಿಂದ ಚಿವುಟಿ ಹಿಡಿಯಬೇಕು, ಕೂದಲೆಳೆಯಷ್ಟೂ ಅಲುಗದಂತೆ ಗಂಟೆಗಟ್ಟಲೆ ಹಿಡಿಯಬೇಕು, ಇನ್ನೊಂದು ಕೈಯಿಂದ ಚರ್ಮವನ್ನು ಎಳೆದಿರಬೇಕು, ಕುತ್ತಿಗೆಯನ್ನು ಬಗ್ಗಿಸಿರಬೇಕು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ಮಂದಿ ಹಚ್ಚೆಗಾರರನ್ನು ಕೆಲಸದ ವೇಳೆಯಲ್ಲಿಯೇ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಕುತ್ತಿಗೆ-ಭುಜದ ಸ್ನಾಯುಗಳು ಶಿಫಾರಸಿನ ಮಿತಿಯನ್ನು ಮೀರಿ ದಣಿಯುತ್ತಿದ್ದುದು ಕಂಡಿತು. ನಡುಕ, ಹಿಡಿತ, ಬಾಗು ಈ ಮೂರೂ ಕೂಡಿ ಹಚ್ಚೆಯವನ ಕೈಯನ್ನು ಕೆಡಿಸುತ್ತವೆ.

ಯಂತ್ರದ ನಡುಕ ಕೈಯನ್ನು ಕೆಡಿಸುತ್ತದೆ ಎಂಬ ಅರಿವು ಹೊಸದಲ್ಲ. ಇಟಲಿಯ ವೈದ್ಯ ಲೊರಿಗಾ 1911ರಲ್ಲಿಯೇ ಗಾಳಿಯೊತ್ತಡದ ಯಂತ್ರ ಹಿಡಿದ ಗಣಿಗಾರರ ಬೆರಳುಗಳು ಬಿಳಚುವುದನ್ನು ವರದಿ ಮಾಡಿದ್ದನು. 1918ರ ಚಳಿಗಾಲದಲ್ಲಿ ಡಾ. ಅಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾ ಪ್ರಾಂತದ ಬೆಡ್‌ಫರ್ಡ್ ಎಂಬ ಊರಿನ ಸುಣ್ಣಕಲ್ಲಿನ ಕೆಲಸಗಾರರನ್ನು ಪರೀಕ್ಷಿಸಿದಳು. ಗಾಳಿಸುತ್ತಿಗೆ ಹಿಡಿದವರ ಬೆರಳುಗಳು ಥಂಡಿಯಲ್ಲಿ ಸತ್ತವರ ಬೆರಳಿನಂತೆ ಬಿಳಚಿ ಮರಗಟ್ಟುತ್ತಿದ್ದವು. ಆದರೂ ಇಂಗ್ಲೆಂಡಿನ ಕಾನೂನು ಅದನ್ನು ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿದ್ದು 1985ರಲ್ಲಿ. ಅಲ್ಲಿನ ಕಲ್ಲಿದ್ದಲು ಗಣಿಗಾರರು ಬ್ರಿಟಿಷ್ ಕೋಲ್ ಸಂಸ್ಥೆಯ ವಿರುದ್ಧ ಹೂಡಿದ ದಾವೆಯಲ್ಲಿ 1998ರಲ್ಲಿ ಮೇಲ್ಮನವಿ ನ್ಯಾಯಾಲಯವು ಅವರ ಪರ ನಿಂತಿತು. ಆನಂತರದ ಪರಿಹಾರ ಯೋಜನೆಗೆ ಒಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. 2005ರ ನಿಯಮಗಳು ಅಲ್ಲಿ ನಡುಕಕ್ಕೂ ಅಳತೆ ಹಾಕಿದವು: ಎಂಟು ಗಂಟೆಯ ಸರಾಸರಿ ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ದಾಟಿದರೆ ಮಾಲೀಕನು ಕ್ರಮ ಕೈಗೊಳ್ಳಬೇಕು. 5 ಮೀಟರ್ ದಾಟುವಂತೆಯೇ ಇಲ್ಲ. ಈ ಲೆಕ್ಕದಲ್ಲಿ ಒಂದು ಗುಟ್ಟಿದೆ. ನಡುಕ ಎರಡು ಪಟ್ಟಾದರೆ ಸುರಕ್ಷಿತ ವೇಳೆ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. 2.5 ಮೀಟರಿನ ಯಂತ್ರವನ್ನು ಎಂಟು ಗಂಟೆ ಹಿಡಿದರೆ ಮುಟ್ಟುವ ಮಟ್ಟವನ್ನು 5 ಮೀಟರಿನ ಯಂತ್ರ ಎರಡೇ ಗಂಟೆಯಲ್ಲಿ ಮುಟ್ಟುತ್ತದೆ. ಹಳೆಯ, ಸಡಿಲಾದ, ಅಗ್ಗದ ಯಂತ್ರ ಎಷ್ಟು ತುಟ್ಟಿಯೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ಈ ರೋಗ ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿದೆ. ಬೆರಳು ಬಿಳಚುವುದು ಥಂಡಿಯಲ್ಲಿ. ಬಿಸಿಲ ನಾಡುಗಳಲ್ಲಿ ನಡೆದ ಅಧ್ಯಯನಗಳಲ್ಲಿ ಬಿಳಚಿದ ಬೆರಳು ಅಪರೂಪ. ಜೋಮು, ಮರಗಟ್ಟುವಿಕೆ, ಹಿಡಿತದ ಬಲಗುಂದುವಿಕೆಗಳೇ ಹೆಚ್ಚು. ನೋಡುವವರಿಗೆ ಕೈ ಎಂದಿನಂತೆಯೇ ಕಾಣುತ್ತದೆ. ಹಾಗಾಗಿ ಮನೆಯವರು ‘ಮೊಬೈಲ್ ಹಿಡಿದು ಹಿಡಿದು ಹೀಗಾಗಿದೆ’ ಎನ್ನುತ್ತಾರೆ. ಗೆಳೆಯರು ನೆಪ ಹೇಳುತ್ತಾನೆ ಎನ್ನುತ್ತಾರೆ.

ಕಾನೂನಿನ ಮಾತಿಗೆ ಬರೋಣ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು, ಪೇಟೆಯ ಒಂದು ಹಚ್ಚೆಯ ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದ ತರುಣನೊಬ್ಬ ಕೆಲಕಾಲದ ಹಿಂದೆ ನನ್ನಲ್ಲಿಗೆ ಬಂದಿದ್ದನು. ಬಲಗೈಯ ಮೂರು ಬೆರಳುಗಳಿಗೆ ಸ್ಪರ್ಶವಿರಲಿಲ್ಲ. ಚಿತ್ರದ ಗೆರೆ ಸೊಟ್ಟಾದ ಮೇಲೆ ಅಂಗಡಿಯವನು ಬರಬೇಡವೆಂದಿದ್ದನು. “ವಕೀಲ್ ಸಾಹೇಬ್ರ, ಮಷೀನಿನ್ಯಾಗ ಬೆರಳು ಕತ್ತರಿಸಿಹೋದ್ರ ಪರಿಹಾರ ಸಿಗತೈತಿ ಅಂತಾರ. ಬೆರಳು ಇದ್ದೂ ಇಲ್ಲದಂಗಾದ್ರ ಸಿಗೂದಿಲ್ಲೇನ್ರಿ?” ಎಂದು ಕೇಳಿದನು. “ತಮ್ಮಾ, ಯಾವ ದಿನದಿಂದ ಹಿಂಗಾತು? ಡಾಕ್ಟರು ಏನು ಬರದಾರ?” ಎಂದೆ. ಅವನ ಬಳಿ ಇದ್ದದ್ದು ಒಂದೇ ಚೀಟಿ. ಅದರಲ್ಲಿ ಕೈನೋವು ಎಂದಿತ್ತು, ನೋವಿನ ಗುಳಿಗೆಯ ಹೆಸರಿತ್ತು. ಅವನ ಕಸುಬು ಯಾವುದೆಂದು ಎಲ್ಲಿಯೂ ಇರಲಿಲ್ಲ. ಸಂಬಳದ ಚೀಟಿಯಿಲ್ಲ, ಹಾಜರಿಪುಸ್ತಕವಿಲ್ಲ. ಅವನು ಕೇಳಿದ ಪ್ರಶ್ನೆ ನ್ಯಾಯವಾದದ್ದು. ನಾನು ಕೊಡಬಹುದಾಗಿದ್ದ ಉತ್ತರ ಚಿಕ್ಕದು.

ಅದೇಕೆಂದು ವಿವರಿಸುತ್ತೇನೆ. 1923ರ ಕಾಮಗಾರರ ಪರಿಹಾರ ಕಾಯಿದೆಯಿಂದ ನಡೆದುಬಂದಿರುವ ಪದ್ಧತಿಯೆಂದರೆ, ಕೆಲಸದ ವೇಳೆಯ ಅಪಘಾತಕ್ಕೆ ಪರಿಹಾರವುಂಟು. ರೋಗಕ್ಕಾದರೆ ಆ ರೋಗ ಕಾಯಿದೆಯ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿಲ್ಲದ ರೋಗವಾದರೆ ಅದು ಒಂದು ನಿರ್ದಿಷ್ಟ ಅಪಘಾತದ ಗಾಯದಿಂದಲೇ ಬಂತೆಂದು ತೋರಿಸಬೇಕು. ಹನಿಹನಿಯಾಗಿ ಸಾಯುವ ನರಕ್ಕೆ ಅಂಥ ಒಂದು ದಿನ, ಒಂದು ಗಳಿಗೆ ಎಲ್ಲಿಂದ ಬರಬೇಕು? ಸೀಸದ ವಿಷ, ಸಿಲಿಕೋಸಿಸ್, ಸದ್ದಿನಿಂದಾಗುವ ಕಿವುಡು ಇವು ಪಟ್ಟಿಯಲ್ಲಿವೆ, ನಡುಕದ ರೋಗವಿಲ್ಲ. 1948ರ ಕಾರ್ಖಾನೆ ಕಾಯಿದೆಯಡಿ ವೈದ್ಯರು ಸರಕಾರಕ್ಕೆ ತಿಳಿಸಲೇಬೇಕಾಗಿದ್ದ 29 ರೋಗಗಳಲ್ಲಿಯೂ ಅದಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಪಟ್ಟಿಯ ಪದ್ಧತಿ ಹಾಗೆಯೇ ಉಳಿದಿದೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ನಡುಕದಿಂದಾಗುವ ನರ-ರಕ್ತನಾಳಗಳ ರೋಗಗಳೂ, ನಡುಕ ಮತ್ತು ಬಿಗಿಹಿಡಿತದ ಕೆಲಸದಿಂದಾಗುವ ಕಾರ್ಪಲ್ ಟನಲ್ ಸಿಂಡ್ರೋಮೂ ಸ್ಪಷ್ಟವಾಗಿ ನಮೂದಾಗಿವೆ. ಜಗತ್ತು ಒಪ್ಪಿದ ರೋಗವನ್ನು ನಮ್ಮ ಪಟ್ಟಿ ಇನ್ನೂ ಒಪ್ಪಿಲ್ಲ.

ಹಚ್ಚೆಯ ಅಂಗಡಿ ಇನ್ನೂ ಹೊರಗೆ ಉಳಿಯುತ್ತದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಮೂಲರೂಪದ ಪ್ರಕಾರ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ, ಐದು ಗಂಟೆಯ ಸತತ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆಯ ವಿರಾಮ ಕೊಡಬೇಕಿತ್ತು. ಆದರೆ ಆಗಲೂ ಈ ನಿಯಮಗಳು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ ಅನ್ವಯಿಸುತ್ತಿದ್ದವು. ಇಬ್ಬರು ಮೂವರಿರುವ ಅಂಗಡಿಗೂ, ಜಾತ್ರೆಯಲ್ಲಿ ಒಬ್ಬನೇ ಕೂರುವವನಿಗೂ ಅದರ ನೆರಳಿಲ್ಲ. ವರ್ಷಕ್ಕೆ 20 ರೂಪಾಯಿ ತುಂಬಿ ಪಡೆಯುವ ಪ್ರಧಾನಮಂತ್ರಿ ಸುರಕ್ಷಾ ವಿಮೆಯೂ ಅಪಘಾತಕ್ಕೆ ಮಾತ್ರ, ರೋಗಕ್ಕಲ್ಲ. ಕಾರ್ಖಾನೆಯಲ್ಲಿ ಗ್ರೈಂಡರ್ ಹಿಡಿಯುವ ಅಣ್ಣನಿಗೆ ಇ.ಎಸ್.ಐ. ಇದ್ದರೆ ಕಾಯಿಲೆಯ ರಜೆಗೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇಕಡಾ 70 ಸಿಗುತ್ತದೆ. ಹಚ್ಚೆ ಹಾಕುವ ತಮ್ಮನಿಗೆ ಅದೂ ಇಲ್ಲ.

ಹಾಗಾದರೆ ಕೈಕಟ್ಟಿ ಕುಳಿತುಕೊಳ್ಳಬೇಕೆ? ಬೇಡ. ಪಟ್ಟಿ ಕಲ್ಲಿನಲ್ಲಿ ಕೊರೆದದ್ದಲ್ಲ. ಮೂರು ತಿಂಗಳ ಮುನ್ಸೂಚನೆ ಕೊಟ್ಟು ಅಧಿಸೂಚನೆಯ ಮೂಲಕ ಅದನ್ನು ಹಿಗ್ಗಿಸುವ ಅಧಿಕಾರವನ್ನು 1923ರ ಕಾಯಿದೆಯೇ ಕೇಂದ್ರಕ್ಕೂ ರಾಜ್ಯಕ್ಕೂ ಕೊಟ್ಟಿತ್ತು. ಆದರೆ ಯಾವ ಸರಕಾರವೂ ಕಾಗದದಲ್ಲಿಲ್ಲದ ರೋಗವನ್ನು ಪಟ್ಟಿಗೆ ಸೇರಿಸುವುದಿಲ್ಲ, ಯಾವ ನ್ಯಾಯಾಲಯವೂ ದಾಖಲೆಯಿಲ್ಲದ ನೋವನ್ನು ಎಣಿಸುವುದಿಲ್ಲ. ಆದ್ದರಿಂದ ಮೊದಲ ಕೆಲಸ ಕಾಗದದ್ದು. ಅದು ನಮ್ಮ ಕೈಯಲ್ಲಿಯೇ ಇದೆ.

ಇಲ್ಲಿ ನಮ್ಮ ಭಾಷೆಯ ಪ್ರಶ್ನೆಯೂ ಬರುತ್ತದೆ. ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಮಿರಜ ವೈದ್ಯರ ಊರು. ಗಡಿಯಾಚೆಯಿಂದಲೂ ಕನ್ನಡ ರೋಗಿಗಳು ಬರುತ್ತಾರೆ. ಆದರೆ ಕೇಸ್ ಪೇಪರ್ ಬರೆಯುವವರ ಮಾತು ಬಹುತೇಕ ಮರಾಠಿ. ನಮ್ಮ ಹುಡುಗನಿಗೆ ‘ಜೋಮು’ ಎಂಬುದಕ್ಕೆ ಮರಾಠಿ ಮಾತು ಹೊಳೆಯದೆ, ‘ಹಾತ ದುಖತೋಯ’ ಎಂದುಬಿಡುತ್ತಾನೆ. ಕೈನೋವೆಂದು ಬರೆಯಲಾಗುತ್ತದೆ, ನೋವಿನ ಗುಳಿಗೆ ಬರುತ್ತದೆ. ಜೋಮಿಗೆ ಮರಾಠಿಯಲ್ಲಿ ‘ಮುಂಗ್ಯಾ ಯೇಣೆ’ ಎನ್ನುತ್ತಾರೆ, ಎಂದರೆ ಇರುವೆ ಹರಿದಂತಾಗುವುದು. ಮರಗಟ್ಟುವುದಕ್ಕೆ ‘ಬಧೀರ ಹೋಣೆ’. ಈ ಎರಡು ಮಾತುಗಳನ್ನು ಮನೆಯಲ್ಲಿ ಎಲ್ಲರೂ ಕಲಿತಿಡಿ. ನೋವು ಬೇರೆ, ಜೋಮು ಬೇರೆ. ವೈದ್ಯರು ಸ್ನಾಯುವನ್ನು ಬಿಟ್ಟು ನರವನ್ನು ನೋಡುವುದು ಎರಡನೆಯ ಮಾತು ಕೇಳಿದಾಗ.

ವೈದ್ಯರಿಗೆ ನಾಲ್ಕು ಸಂಗತಿಗಳನ್ನು ಹೇಳಿ, ಬರೆಸಿಕೊಳ್ಳಿ. ಕಸುಬು ಯಾವುದು, ಯಾವ ಯಂತ್ರ. ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ. ಯಾವ ಯಾವ ಬೆರಳು. ಕಿರುಬೆರಳು ಸೇರಿದೆಯೇ ಇಲ್ಲವೇ. ರಾತ್ರಿ ಎಚ್ಚರವಾಗುತ್ತದೆಯೇ. ಅಗತ್ಯವೆನಿಸಿದರೆ ಅವರು ಎನ್.ಸಿ.ವಿ. ಎಂದು ಕರೆಯುವ ನರಪರೀಕ್ಷೆಯನ್ನು ಸೂಚಿಸುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯಿಡ್ ದೋಷ, ಕುತ್ತಿಗೆಯ ಎಲುಬಿನ ತೊಂದರೆಗಳಿಂದಲೂ ಕೈಗೆ ಜೋಮು ಬರುವುದುಂಟು. ಆದ್ದರಿಂದ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ. ಚಿಕಿತ್ಸೆಗೆ ಇದು ಬೇಕು. ನಾಳೆ ಎದುರು ಪಕ್ಷದ ವಕೀಲನು ‘ಇದು ಸಕ್ಕರೆಯಿಂದ ಬಂದದ್ದು’ ಎಂದಾಗ ಉತ್ತರಿಸಲೂ ಇದು ಬೇಕು. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯಲ್ಲಿ ಅದು ಸೇರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮುಂಚಿತವಾಗಿ ಕೇಳಿ. ಕೇಸ್ ಪೇಪರಿನ ಪ್ರತಿಯನ್ನು ಮನೆಯ ಪಹಣಿ, ಪಡಿತರ ಚೀಟಿಗಳ ಜೊತೆಗಿಡಿ.

ಕೆಲಸದ ರೀತಿಯಲ್ಲಿಯೂ ಮಾಡಬಹುದಾದದ್ದು ಇದೆ. ಯಂತ್ರ ಕೊಳ್ಳುವಾಗ ಹಗುರಾದ, ಕಡಿಮೆ ನಡುಗುವ ಯಂತ್ರಕ್ಕೆ ಆದ್ಯತೆ ಕೊಡಿ. ಹಿಡಿಕೆ ತೀರ ಸಣ್ಣದಾದರೆ ಬೆರಳು ಹೆಚ್ಚು ಬಿಗಿಯಬೇಕಾಗುತ್ತದೆ, ದಪ್ಪನೆಯ ಮೆತ್ತನೆಯ ಹಿಡಿಕೆ ಒಳ್ಳೆಯದು. ಸಡಿಲಾದ ತಿರುಪು, ಬಾಗಿದ ಸೂಜಿಗಳಿಂದ ನಡುಕ ಹೆಚ್ಚುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಯಂತ್ರವನ್ನು ಕೆಳಗಿಟ್ಟು ಬೆರಳು ಬಿಡಿಸಿ. ಮಣಿಕಟ್ಟು ನೇರವಿರುವಂತೆ ಗಿರಾಕಿಯ ತೋಳನ್ನು ಎತ್ತರದ ಆಸರೆಯ ಮೇಲಿಡಿ. ತಂಬಾಕು ರಕ್ತನಾಳವನ್ನು ಬಿಗಿಯುತ್ತದೆ. ಗುಟಕಾ-ಬೀಡಿಗಳ ಜೊತೆ ಈ ಕಸುಬು ಒಗ್ಗದು. ಜಾತ್ರೆಯ ಮೂರು ದಿನಗಳಲ್ಲಿ ತಿಂಗಳ ಗಳಿಕೆ ಮಾಡುವ ಆಸೆ ಸಹಜ. ಆದರೆ ಆ ಮೂರು ದಿನ ಇಬ್ಬರು ಸರದಿಯ ಮೇಲೆ ಕುಳಿತರೆ ಕೈಗೆ ಉಸಿರು ಸಿಗುತ್ತದೆ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಈ ರೋಗದ ಮೊದಲ ಸಾಕ್ಷಿ ನೀವು. ಮಗ ರಾತ್ರಿ ಎದ್ದು ಕೈ ಕೊಡವುವುದನ್ನು, ರೊಟ್ಟಿ ಮುರಿಯುವಾಗ ಎಡಗೈ ಬಳಸುವುದನ್ನು, ಬಟ್ಟಲು ಜಾರಿಸುವುದನ್ನು ಯಾವ ವೈದ್ಯನಿಗಿಂತ ಮೊದಲು ನೀವು ಕಾಣುತ್ತೀರಿ. ಕಂಡ ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ತಿಂಗಳಲ್ಲಿ ಅಂಥ ಗುರುತುಗಳು ನಾಲ್ಕೈದು ಆದರೆ ಕ್ಯಾಲೆಂಡರನ್ನೇ ತೆಗೆದುಕೊಂಡು ಮಗನೊಂದಿಗೆ ಆಸ್ಪತ್ರೆಗೆ ನಡೆಯಿರಿ. ವೈದ್ಯರಿಗೆ ಅದು ರೋಗದ ಚರಿತ್ರೆ. ನಮ್ಮಂಥ ವಕೀಲರಿಗೆ ದಾಖಲೆ.